ಆತಂಕದ ಕಾಯಿಲೆ: ಗುರುತಿಸುವುದು ಹೇಗೆ, ಚಿಕಿತ್ಸೆ ಪಡೆಯುವುದು ಹೇಗೆ

ಹೊಸದಾಗಿ ಬಂದವರನ್ನು ನಾನು ಮೊದಲು ಕೇಳುವ ಪ್ರಶ್ನೆ ಇದು: ‘ಈ ಭಯ ಶುರುವಾದ ಮೇಲೆ ಏನೇನು ಮಾಡುವುದನ್ನು ಬಿಟ್ಟಿದ್ದೀರಿ?’ ಎಷ್ಟು ಭಯ, ಯಾಕೆ ಭಯ ಅನ್ನೋದೆಲ್ಲ ಆಮೇಲೆ. ಉತ್ತರ ಬರೋಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಲಿಫ್ಟ್ ಹತ್ತುವುದು ಬಿಟ್ಟೆ. ಒಬ್ಬಳೇ ಬಸ್ಸಿನಲ್ಲಿ ಹೋಗಲ್ಲ. ಮೀಟಿಂಗಿನಲ್ಲಿ ಬಾಗಿಲ ಪಕ್ಕದ ಕುರ್ಚಿಯೇ ಬೇಕು. ಎದೆ ಹೊಡ್ಕೊಳ್ಳುತ್ತಲ್ಲ ಅಂತ ಮೆಟ್ಟಿಲು ಜೋರಾಗಿ ಹತ್ತೋದನ್ನೂ ಬಿಟ್ಟೆ. ಈ ಪಟ್ಟಿ ಎಷ್ಟು ಉದ್ದ ಇದೆ ಅನ್ನೋದರಿಂದಲೇ ಕಾಯಿಲೆ ಎಷ್ಟು ಬೆಳೆದಿದೆ ಅಂತ ನನಗೆ ಗೊತ್ತಾಗುತ್ತದೆ.

ನಾನು ಮನಶ್ಶಾಸ್ತ್ರಜ್ಞೆ. ಮಾತ್ರೆ ಬರೆಯುವವರು ಮನೋವೈದ್ಯರು. ಭಯ ಇದ್ದವರ ಜೊತೆ ನಿಂತು ಅದನ್ನು ಎದುರಿಸುವ ಅಭ್ಯಾಸ ಮಾಡಿಸುವುದು ನನ್ನ ಕೆಲಸ. 2019ರಲ್ಲಿ ಜಗತ್ತಿನಲ್ಲಿ ಸುಮಾರು 30 ಕೋಟಿ ಜನರಿಗೆ ಆತಂಕದ ಕಾಯಿಲೆ ಇತ್ತು ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಚಿಕಿತ್ಸೆ ಬೇಕಾದ ನಾಲ್ವರಲ್ಲಿ ಹೆಚ್ಚುಕಡಿಮೆ ಒಬ್ಬರಿಗಷ್ಟೇ ಅದು ಸಿಗುತ್ತಿದೆ. ಇಷ್ಟು ಚೆನ್ನಾಗಿ ಚಿಕಿತ್ಸೆಗೆ ಬಗ್ಗುವ ಕಾಯಿಲೆಯಲ್ಲಿ ಇದು ಬೇಜಾರಿನ ಸಂಗತಿ.

ಮೊದಲು ಮೈಯೊಳಗೆ ಏನಾಗುತ್ತದೆ ಅಂತ ತಿಳಿದುಕೊಳ್ಳಿ

ಈ ಭಾಗವನ್ನು ಹಾರಿಸಿ ಓದಬೇಡಿ. ಇದನ್ನು ವಿವರಿಸದೆ ನಾನು ಯಾರಿಗೂ ಅಭ್ಯಾಸ ಶುರು ಮಾಡಿಸುವುದಿಲ್ಲ.

ಮೆದುಳಿನ ಒಳಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು, ಅಮಿಗ್ಡಲ ಅನ್ನುವ ಸಣ್ಣ ನರಕೋಶಗಳ ಗುಂಪಿದೆ. ಅಪಾಯವನ್ನು ಗುರುತಿಸುವುದು, ಯಾವುದು ಅಪಾಯ ಅಂತ ಕಲಿಯುವುದು, ಎರಡರಲ್ಲೂ ಅದಕ್ಕೆ ದೊಡ್ಡ ಪಾತ್ರವಿದೆ. ನರವಿಜ್ಞಾನಿ ಜೋಸೆಫ್ ಲೆಡೂ ಇಲಿಗಳ ಮೇಲೆ ಕೆಲಸ ಮಾಡಿ ತೋರಿಸಿದ್ದು ಏನಂದ್ರೆ, ಹೊರಗಿನ ಸುದ್ದಿ ಅಲ್ಲಿಗೆ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಕಣ್ಣು ಕಿವಿಯ ಸುದ್ದಿಯನ್ನು ಮುಂದಕ್ಕೆ ಕಳಿಸುವ ಮೆದುಳಿನ ಕೇಂದ್ರವಾದ ಥಲಾಮಸ್‌ನಿಂದ ನೇರವಾಗಿ. ಇನ್ನೊಂದು ಮೆದುಳಿನ ಹೊರಪದರವಾದ ಕಾರ್ಟೆಕ್ಸ್ ಮೂಲಕ ಸುತ್ತು ಹಾಕಿಕೊಂಡು. ನೇರ ದಾರಿಯ ಸುದ್ದಿ ಬೇಗ ಬರುತ್ತದೆ, ಆದರೆ ಅರೆಬರೆ. ಕತ್ತಲಲ್ಲಿ ಹಗ್ಗ ತುಳಿದವರು ಹಾವು ಅಂತ ಮೊದಲು ಹಾರುತ್ತಾರೆ, ಹಗ್ಗ ಅಂತ ಆಮೇಲೆ ನೋಡುತ್ತಾರೆ, ಅಲ್ವಾ?

ಅಮಿಗ್ಡಲ ಎಚ್ಚರಿಸಿದ ಕೂಡಲೇ ಹೈಪೊಥಲಾಮಸ್ ಮತ್ತು ಮೆದುಳಿನ ಕಾಂಡಕ್ಕೆ ಆಜ್ಞೆ ಹೋಗುತ್ತದೆ. ಅಡ್ರಿನಲಿನ್ ಸುರಿಯುತ್ತದೆ, ಎದೆ ಡವಡವ ಅನ್ನುತ್ತದೆ, ಉಸಿರು ಚುರುಕಾಗುತ್ತದೆ, ಅಂಗೈ ಬೆವರುತ್ತದೆ. ಲೋಕಸ್ ಸೆರೂಲಿಯಸ್ ಅನ್ನುವ ಪುಟ್ಟ ಕೇಂದ್ರ ನಾರ್‌ಅಡ್ರಿನಲಿನ್ ಹರಿಸಿ ಇಡೀ ಮೆದುಳನ್ನು ಎಚ್ಚರದಲ್ಲಿ ಇಡುತ್ತದೆ. ಕೆಲವು ನಿಮಿಷಗಳ ನಂತರ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನ್ ಕೂಡ ಏರುತ್ತದೆ. ಇದರಲ್ಲಿ ಯಾವುದೂ ಕೆಟ್ಟುಹೋದ ಯಂತ್ರದ ಲಕ್ಷಣ ಅಲ್ಲ. ಯಂತ್ರ ಸರಿಯಾಗೇ ಇದೆ, ತಪ್ಪು ಹೊತ್ತಿನಲ್ಲಿ ಓಡುತ್ತಿದೆ.

ಉಸಿರಿನ ವಿಷಯ ಬೇರೆಯಾಗಿ ಹೇಳಬೇಕು. ಓಡದೆ, ಜಗಳ ಆಡದೆ, ಕೂತಲ್ಲೇ ಜೋರಾಗಿ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಆಗ ಮೆದುಳಿನ ರಕ್ತನಾಳಗಳು ಸ್ವಲ್ಪ ಕಿರಿದಾಗುತ್ತವೆ. ತಲೆ ತಿರುಗುತ್ತದೆ, ಬೆರಳ ತುದಿ ಮತ್ತು ತುಟಿ ಜೋಮು ಹಿಡಿಯುತ್ತವೆ, ಸುತ್ತಲಿನದೆಲ್ಲ ಕನಸಿನ ಹಾಗೆ ಕಾಣುತ್ತದೆ. ‘ಗಾಳಿ ಸಾಲ್ತಿಲ್ಲ’ ಅನಿಸಿ ಇನ್ನೂ ಜೋರಾಗಿ ಎಳೆದುಕೊಳ್ಳುತ್ತಾರೆ. ಅಲ್ಲಿಗೆ ಸುಳಿ ಪೂರ್ತಿಯಾಯಿತು.

ಎಲ್ಲವನ್ನೂ ಅಮಿಗ್ಡಲದ ತಲೆಗೇ ಕಟ್ಟುವ ಹಾಗೂ ಇಲ್ಲ. ಎಸ್‌.ಎಂ. ಅಂತಷ್ಟೇ ಸಂಶೋಧನೆಗಳಲ್ಲಿ ಕರೆಯುವ ಒಬ್ಬ ಮಹಿಳೆಗೆ ಅಪರೂಪದ ಕಾಯಿಲೆಯಿಂದ ಎರಡೂ ಬದಿಯ ಅಮಿಗ್ಡಲ ಹಾಳಾಗಿತ್ತು. ಹಾವು, ಜೇಡ, ಭಯದ ಸಿನಿಮಾ ಯಾವುದಕ್ಕೂ ಆಕೆಗೆ ಭಯವಾಗುತ್ತಿರಲಿಲ್ಲ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಕೆಗೆ ಶೇ. 35ರಷ್ಟು ಇಂಗಾಲದ ಡೈಆಕ್ಸೈಡ್ ಇದ್ದ ಗಾಳಿಯನ್ನು ಒಂದು ಸಲ ಉಸಿರಾಡಿಸಿದರು. ಆಕೆಗೆ ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದ ಹಾಗೆ ಏರುವ ತೀವ್ರ ಗಾಬರಿ, ಬಂತು! ಅಂದರೆ ಮೈಯ ಒಳಗಿಂದ ಬರುವ ಅಪಾಯದ ಸುದ್ದಿಗೆ ಬೇರೆ ಬಾಗಿಲೂ ಇದೆ. ‘ಏನೂ ಯೋಚನೆ ಮಾಡದೆ ಸುಮ್ನೆ ಕೂತಿದ್ದಾಗ ಬಂತು’ ಅಂತ ಹೇಳುವವರನ್ನು ನಾನು ನಂಬುವುದಕ್ಕೆ ಇದೂ ಒಂದು ಕಾರಣ.

ಇನ್ನು ಚಿಕಿತ್ಸೆಗೆ ತೀರಾ ಬೇಕಾದ ವಿಷಯ. ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಕೆಳಭಾಗ ಅಮಿಗ್ಡಲಕ್ಕೆ ‘ಈಗ ಸಾಕು’ ಅಂತ ಹೇಳಬಲ್ಲದು. ಅದಕ್ಕೆ ಆ ಧೈರ್ಯ ಬರುವುದು ಅನುಭವದಿಂದ. ಭಯಪಟ್ಟ ಜಾಗದಲ್ಲಿ ನಿಂತು, ಏನೂ ಆಗಲಿಲ್ಲ ಅಂತ ಕಂಡಾಗ ಹೊಸ ನೆನಪು ಕೂತುಕೊಳ್ಳುತ್ತದೆ. ಹಳೆಯದು ಅಳಿಸಿಹೋಗುವುದಿಲ್ಲ, ಹೊಸದು ಅದರ ಮೇಲೆ ಕೂರುತ್ತದೆ ಅಷ್ಟೇ. ಪಾವ್ಲೊವ್ ತನ್ನ ನಾಯಿಗಳಲ್ಲೇ ಕಂಡಿದ್ದ: ನಿಂತುಹೋದ ಪ್ರತಿಕ್ರಿಯೆ ಸ್ವಲ್ಪ ಬಿಡುವಿನ ನಂತರ ತಾನಾಗೇ ವಾಪಸ್ ಬರುತ್ತದೆ. ಹಾಗಾಗಿ ಒಂದೇ ಜಾಗದಲ್ಲಿ ಒಂದೇ ಸಲ ಅಭ್ಯಾಸ ಮಾಡಿದರೆ ಸಾಲದು. ಬೇರೆ ಬೇರೆ ಜಾಗ, ಬೇರೆ ಬೇರೆ ಹೊತ್ತು ಬೇಕು.

ತಪ್ಪಿಸಿಕೊಂಡರೆ ಏನಾಗುತ್ತದೆ? ಲಿಫ್ಟ್ ಬಿಟ್ಟು ಮೆಟ್ಟಿಲ ಕಡೆ ತಿರುಗಿದ ಕ್ಷಣ ಎದೆ ಹಗುರವಾಗುತ್ತದೆ. ಆ ಹಗುರವೇ ಮೆದುಳಿಗೆ ಬಹುಮಾನ. ತಪ್ಪಿಸಿಕೊಂಡಿದ್ದಕ್ಕೇ ಬದುಕಿದೆ ಅಂತ ಅದು ಬರೆದುಕೊಳ್ಳುತ್ತದೆ. ಮುಂದಿನ ಸಲ ಲಿಫ್ಟ್ ಇನ್ನಷ್ಟು ಭಯಂಕರ.

ಯಾವಾಗ ಕಾಯಿಲೆ ಅನ್ನಬೇಕು

ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬರದಿದ್ದರೆ ಅದು ಕಾಯಿಲೆ ಅಲ್ಲ. ಭಯ ಕಾರಣಕ್ಕಿಂತ ತುಂಬಾ ದೊಡ್ಡದಾಗಿದೆಯಾ, ತಿಂಗಳುಗಟ್ಟಲೆ ಬಿಡದೆ ಇದೆಯಾ, ಕೆಲಸ, ಓದು, ಮನೆ, ಸ್ನೇಹ ಇವುಗಳನ್ನು ತಿನ್ನುತ್ತಿದೆಯಾ ಅಂತ ನೋಡುತ್ತೇವೆ.

ಎಲ್ಲ ಆತಂಕವೂ ಒಂದೇ ಜಾತಿಯದಲ್ಲ. ಸಾಮಾನ್ಯೀಕೃತ ಆತಂಕದಲ್ಲಿ ಹಣ, ಆರೋಗ್ಯ, ಮಕ್ಕಳು, ಕೆಲಸ ಅಂತ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಚಿಂತೆ. 6 ತಿಂಗಳು, ಬಹುಪಾಲು ದಿನ, ಜೊತೆಗೆ ಮೈಕೈ ಬಿಗಿತ, ಸುಸ್ತು, ಸಿಡುಕು, ನಿದ್ದೆಗೇಡು. ಪ್ಯಾನಿಕ್ ಕಾಯಿಲೆಯಲ್ಲಿ ಇದ್ದಕ್ಕಿದ್ದ ಹಾಗೆ ಗಾಬರಿ ಏರಿ ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟುತ್ತದೆ. ಸತ್ತೇ ಹೋಗ್ತೀನಿ, ಹುಚ್ಚು ಹಿಡಿಯುತ್ತೆ ಅನಿಸುತ್ತದೆ. ಒಂದೆರಡು ಅಟ್ಯಾಕ್ ಎಷ್ಟೋ ಜನಕ್ಕೆ ಬಂದು ಹೋಗುತ್ತದೆ. ‘ಮತ್ತೆ ಬಂದರೆ?’ ಅನ್ನುವ ಹೆದರಿಕೆ ಒಂದು ತಿಂಗಳಾದರೂ ಹೋಗದೆ, ಅದಕ್ಕಾಗಿ ಜೀವನದ ರೀತಿ ಬದಲಾದರೆ ಅದು ಕಾಯಿಲೆ. ಜನ ನನ್ನನ್ನೇ ನೋಡಿ ಅಳೆಯುತ್ತಾರೆ ಅನ್ನುವ ಭಯ ಸಾಮಾಜಿಕ ಆತಂಕ. ಗುಂಪು, ಬಸ್ಸು, ಬಯಲು, ಹೊರಗೆ ಒಬ್ಬರೇ ಇರುವುದು ಇವುಗಳ ಭಯ ಅಗೊರಾಫೋಬಿಯಾ. ಎತ್ತರ, ನಾಯಿ, ಸೂಜಿ ಇಂಥ ಒಂದೇ ವಸ್ತುವಿನದ್ದು ನಿರ್ದಿಷ್ಟ ಫೋಬಿಯಾ.

ಪ್ಯಾನಿಕ್ ಮತ್ತು ಸಾಮಾನ್ಯ ಚಿಂತೆ ಎರಡನ್ನೂ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ ಬೇರೆ ಮಾಡಿದ್ದು 1980ರಲ್ಲಿ. ಖಿನ್ನತೆಗೆ ಕೊಡುವ ಇಮಿಪ್ರಮಿನ್ ಮಾತ್ರೆ ಕೊಟ್ಟಾಗ ಅಟ್ಯಾಕ್ ನಿಂತರೂ ‘ಬರಬಹುದು’ ಅನ್ನುವ ಹೆದರಿಕೆ ಉಳಿಯುತ್ತದೆ ಅಂತ ಮನೋವೈದ್ಯ ಡೊನಾಲ್ಡ್ ಕ್ಲೈನ್ 1960ರ ದಶಕದಲ್ಲೇ ಗಮನಿಸಿದ್ದರು. ನನ್ನ ಅನುಭವದಲ್ಲೂ ಆ ಎರಡನೆಯದಕ್ಕೇ ಜಾಸ್ತಿ ಕೆಲಸ.

ಜಿಎಡಿ-7 (GAD-7) ಅಂತ ಒಂದು ಪ್ರಶ್ನಾವಳಿ ಇದೆ. 2006ರಲ್ಲಿ ಬಂತು, 7 ಪ್ರಶ್ನೆ, ಕಳೆದ 2 ವಾರದ ಬಗ್ಗೆ. ಪ್ರತಿಯೊಂದಕ್ಕೂ 0ಯಿಂದ 3. ಒಟ್ಟು 5 ಬಂದರೆ ಸೌಮ್ಯ, 10 ಮಧ್ಯಮ, 15 ಮತ್ತು ಮೇಲೆ ತೀವ್ರ. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ತೋರಿಸಿಕೊಳ್ಳಿ. ಆದರೆ ಅದು ಜರಡಿ ಹಿಡಿಯುವ ಸಾಧನ, ರೋಗನಿರ್ಣಯ ಅಲ್ಲ. ಮೊಬೈಲಿನಲ್ಲಿ ತುಂಬಿ, ಅಂಕ ನೋಡಿ, ತಾವೇ ಮಾತ್ರೆ ತಂದುಕೊಂಡವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಡಾಕ್ಟರ ಹತ್ತಿರ ಹೋಗುವ ಮುಂಚೆ

ಮೈಯ ಕಾಯಿಲೆಗಳೂ ಆತಂಕದ ವೇಷ ಹಾಕುತ್ತವೆ. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೆ ಎದೆ ಹೊಡೆತ, ಬೆವರು, ನಡುಕ ಎಲ್ಲ ಬರುತ್ತವೆ. ಹೃದಯದ ಲಯ ತಪ್ಪಿದರೂ ಅಷ್ಟೇ. ರಕ್ತಹೀನತೆ, ಸಕ್ಕರೆ ಇಳಿಯುವುದು, ಅಪರೂಪಕ್ಕೆ ಅಡ್ರಿನಲ್ ಗ್ರಂಥಿಯ ಗಡ್ಡೆ. ಹಾಗಾಗಿ ಮೊದಲ ಭೇಟಿಯಲ್ಲಿ ಡಾಕ್ಟರು ಥೈರಾಯ್ಡ್, ರಕ್ತ, ಇಸಿಜಿ ಪರೀಕ್ಷೆ ಬರೆದುಕೊಟ್ಟರೆ ‘ನನ್ನ ಮಾತು ನಂಬ್ತಿಲ್ಲ’ ಅಂದುಕೊಳ್ಳಬೇಡಿ. ಹಾಗೇ ಎಲ್ಲ ಸರಿ ಇದೆ ಅಂತ ಬಂದ ಮೇಲೆ ಅದೇ ಇಸಿಜಿಯನ್ನು ಮತ್ತೆ ಮತ್ತೆ ಮಾಡಿಸಲೂ ಬೇಡಿ. ಪ್ರತಿ ವರದಿಯ ಸಮಾಧಾನ ಕೆಲವು ದಿನಕ್ಕೆ ಕರಗಿಹೋಗುತ್ತದೆ.

ಒಂದು ಎಚ್ಚರಿಕೆ. ಮೊದಲ ಸಲ ಎದೆನೋವು ಬಂದಿದ್ದರೆ, ಪ್ರಜ್ಞೆ ತಪ್ಪಿದ್ದರೆ, ಶ್ರಮಪಟ್ಟಾಗ ನೋವು ಬಂದರೆ, ಅದಕ್ಕೆ ನೀವಾಗೇ ಪ್ಯಾನಿಕ್ ಅಂತ ಹೆಸರಿಡಬೇಡಿ. ಆಸ್ಪತ್ರೆಗೆ ಹೋಗಿ.

ಜೊತೆಗೆ ಒಂದು ಕಾಗದ ಒಯ್ಯಿರಿ. ಮೊದಲ ಸಲ ಯಾವಾಗ ಆಯ್ತು, ಎಷ್ಟು ಹೊತ್ತು ಇತ್ತು, ಆಗ ಏನಾಗುತ್ತೆ ಅಂತ ಅನಿಸಿತು. ದಿನಕ್ಕೆ ಎಷ್ಟು ಕಾಫಿ, ಟೀ, ಎನರ್ಜಿ ಡ್ರಿಂಕ್. ಮದ್ಯ ಎಷ್ಟು, ಮದ್ಯದ ಅಮಲು ಇಳಿಯುವಾಗ ಆತಂಕ ಏರುತ್ತದೆ, ಇದನ್ನು ಮುಚ್ಚಿಟ್ಟರೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ. ತೆಗೆದುಕೊಳ್ಳುವ ಎಲ್ಲ ಔಷಧಿ: ಅಸ್ತಮಾದ ಸಾಲ್ಬುಟಮಾಲ್ ಇನ್‌ಹೇಲರ್, ಮೂಗು ಕಟ್ಟಿದ್ದಕ್ಕೆ ಕೊಡುವ ಸೂಡೊಎಫೆಡ್ರಿನ್, ಸ್ಟೆರಾಯ್ಡ್ ಇವೆಲ್ಲ ಎದೆ ಹೊಡೆತ, ನಡುಕ ತರಬಲ್ಲವು. ಮನೆಯಲ್ಲಿ ಯಾರಿಗಾದರೂ ಇತ್ತಾ ಅಂತಲೂ ಬರೆಯಿರಿ. ಸಾಯಬೇಕು ಅನ್ನುವ ಯೋಚನೆ ಬಂದಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಿ. ಆ ಯೋಚನೆ ಈಗ ಇದ್ದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಇವತ್ತೇ ತುರ್ತು ಚಿಕಿತ್ಸೆಗೆ ಹೋಗಿ.

ಮಾತಿನ ಚಿಕಿತ್ಸೆಯಲ್ಲಿ ಏನು ಮಾಡಿಸುತ್ತೇವೆ

ಯೋಚನೆ ಮತ್ತು ನಡವಳಿಕೆಯನ್ನು ಬದಲಿಸುವ ಮಾತಿನ ಚಿಕಿತ್ಸೆಗೆ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ) ಅಂತ ಹೆಸರು. ಅದು ಅಂದರೆ ಸೋಫಾದ ಮೇಲೆ ಮಲಗಿ ಬಾಲ್ಯದ ಕಥೆ ಹೇಳುವುದು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ನನ್ನ ಕೋಣೆಯಲ್ಲಿ ಇರುವುದು ತಿರುಗುವ ಕುರ್ಚಿ, ಒಂದು ಡಬ್ಬಿ ತೆಳು ಸ್ಟ್ರಾ, ಸ್ಟಾಪ್‌ವಾಚ್. ಪ್ಯಾನಿಕ್ ಇದ್ದವರು ತಮ್ಮ ಮೈಗೇ ಹೆದರುತ್ತಾರೆ. ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಹೇಳಿದ್ದು ಇದನ್ನೇ: ಎದೆ ಹೊಡೆತವನ್ನು ಹಾರ್ಟ್ ಅಟ್ಯಾಕ್ ಅಂತ, ತಲೆಸುತ್ತನ್ನು ಕುಸಿದು ಬೀಳೋ ಸೂಚನೆ ಅಂತ ತಪ್ಪಾಗಿ ಓದಿದಾಗ ಗಾಬರಿ ಏರುತ್ತದೆ. ಹಾಗಾದರೆ ಆ ಲಕ್ಷಣಗಳನ್ನು ಬೇಕಂತಲೇ ತರಿಸಬೇಕು. ಕುರ್ಚಿಯಲ್ಲಿ ಒಂದು ನಿಮಿಷ ತಿರುಗಿಸುತ್ತೇನೆ. ಮೂಗು ಹಿಡಿದು ಸ್ಟ್ರಾದಲ್ಲೇ ಒಂದು ನಿಮಿಷ ಉಸಿರಾಡಿಸುತ್ತೇನೆ. ನಿಂತಲ್ಲೇ ಓಡಿಸುತ್ತೇನೆ. ಒಂದು ನಿಮಿಷ ಬೇಗಬೇಗ ಆಳವಾಗಿ ಉಸಿರಾಡಿ ಅನ್ನುತ್ತೇನೆ. ಬೆರಳು ಜೋಮು ಹಿಡಿದಾಗ ‘ಅಯ್ಯೋ, ಇದೇ! ಇದೇ ಆಗೋದು ನಂಗೆ!’ ಅಂತ ಕೂಗುವವರು ಜಾಸ್ತಿ. ಬೇಕಂತ ತರಿಸಬಹುದಾದ್ದು, ತಾನಾಗೇ ಹೋಗುವಂಥದ್ದು ಅಂತ ಆ ಕೋಣೆಯಲ್ಲೇ ಗೊತ್ತಾಗುತ್ತದೆ. ಹೃದಯದ ತೊಂದರೆ, ಅಸ್ತಮಾ, ಮೂರ್ಛೆರೋಗ ಇದ್ದವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು.

ಹೊರಗಿನ ಭಯಕ್ಕೆ ಹೊರಗೇ ಹೋಗಬೇಕು. ಲೆಕ್ಕಪತ್ರದ ಕೆಲಸ ಮಾಡುವ ಒಬ್ಬರು ಲಿಫ್ಟ್ ಬಿಟ್ಟು ವರ್ಷಗಳಾಗಿದ್ದವು. ಲಿಫ್ಟಿನ ಮುಂದೆ ನಿಂತು ಒಂದು ಪುಸ್ತಕದಲ್ಲಿ ಅವರಿಂದಲೇ ಬರೆಸಿದೆ. ಏನಾಗುತ್ತೆ ಅಂತ ಅನಿಸುತ್ತಿದೆ? ‘ಬಾಗಿಲು ಮುಚ್ಚಿದ ಎರಡು ನಿಮಿಷದಲ್ಲಿ ಗಾಳಿ ಸಾಲದೆ ಬಿದ್ದುಹೋಗ್ತೀನಿ.’ ಎಷ್ಟು ಖಾತ್ರಿ? ‘ನೂರಕ್ಕೆ 90.’ ಭಯ ಎಷ್ಟು? ‘80.’ ಒಳಗೆ ಹೋದೆವು. ಇಳಿಯದೆ ಮೇಲೆ ಕೆಳಗೆ ಹೋಗುತ್ತಲೇ ಇದ್ದೆವು. ಅವರ ಅಂಗಿಯ ಬೆನ್ನು ಒದ್ದೆಯಾಯಿತು, ಕಣ್ಣು ಮಾತ್ರ ಮಹಡಿಯ ಸಂಖ್ಯೆಯ ಮೇಲೆ. ಹೊರಗೆ ಬಂದು ಬರೆದರು: ‘ಭಯ 80ಕ್ಕಿಂತ ಜಾಸ್ತಿ ಆಯ್ತು. ಬೀಳಲಿಲ್ಲ.’ ಆಮೇಲೆ ಕೈಯಲ್ಲಿದ್ದ ನೀರಿನ ಬಾಟಲಿ ತೋರಿಸಿ, ‘ಇದು ಇತ್ತಲ್ಲ ಮೇಡಂ, ಅದಕ್ಕೇ’ ಅಂದರು. ಮುಂದಿನ ಸುತ್ತಿಗೆ ಬಾಟಲಿ ಹೊರಗೆ ಇಟ್ಟೆವು. ಅದರ ಮುಂದಿನದಕ್ಕೆ ನಾನೂ ಹೊರಗೆ ಉಳಿದೆ.

ಇಲ್ಲಿ ಎರಡು ವಿಷಯ ಗಮನಿಸಿ. ಭಯ ಇಳಿಯಲಿ ಅಂತ ನಾವು ಕಾಯಲಿಲ್ಲ. ಅಂದುಕೊಂಡದ್ದು ಆಗುತ್ತಾ ಇಲ್ಲವಾ ಅಂತ ನೋಡಲು ಹೋದೆವು. ಮನಶ್ಶಾಸ್ತ್ರಜ್ಞೆ ಮಿಶೆಲ್ ಕ್ರಾಸ್ಕೆ ಮತ್ತು ಅವರ ಜೊತೆಯವರು ಒತ್ತಿ ಹೇಳುವುದೂ ಇದನ್ನೇ. ಊಹೆ ಮತ್ತು ನಡೆದದ್ದರ ನಡುವೆ ಅಂತರ ದೊಡ್ಡದಿದ್ದಷ್ಟೂ ಮೆದುಳು ಹೆಚ್ಚು ಕಲಿಯುತ್ತದೆ. ಎರಡನೆಯದು ಬಾಟಲಿ. ಜೇಬಿನಲ್ಲಿ ಮಾತ್ರೆ, ಕಿವಿಯಲ್ಲಿ ಹಾಡು, ಫೋನಿನಲ್ಲಿ ಹೆಂಡತಿ, ಇವೆಲ್ಲ ಇದ್ದಷ್ಟು ದಿನ ಕ್ರೆಡಿಟ್ ಅವಕ್ಕೇ ಹೋಗುತ್ತದೆ.

ಮನೆಯಲ್ಲಿ ಶುರು ಮಾಡುವುದಾದರೆ ಬಿಟ್ಟ ಕೆಲಸಗಳನ್ನು ಬರೆದು ಪ್ರತಿಯೊಂದಕ್ಕೂ 0ಯಿಂದ 100ರವರೆಗೆ ಭಯದ ಅಂಕ ಹಾಕಿ. 40ರ ಆಸುಪಾಸಿನದ್ದನ್ನು ಮೊದಲು ಹಿಡಿಯಿರಿ. ವಾರದಲ್ಲಿ ಹಲವು ಸಲ ಮಾಡಿ. ಭಯ ತುದಿಯಲ್ಲಿರುವಾಗ ಬಿಟ್ಟು ಓಡಬೇಡಿ. ಅಟ್ಯಾಕ್ ಬಂದೇ ಬಿಟ್ಟರೆ ಪೇಪರ್ ಚೀಲದಲ್ಲಿ ಉಸಿರಾಡುವ ಹಳೆಯ ಉಪಾಯ ಬೇಡ; ಅದು ನಿಜಕ್ಕೂ ಅಸ್ತಮಾನೋ ಹೃದಯದ ತೊಂದರೆಯೋ ಆಗಿದ್ದರೆ ಅಪಾಯ. ನಿಧಾನವಾಗಿ ಉಸಿರಾಡಿ, ಹೊರಬಿಡುವುದು ಉದ್ದವಾಗಿರಲಿ. ಅದೂ ಹೊಸ ನೀರಿನ ಬಾಟಲಿ ಆಗದ ಹಾಗೆ ನೋಡಿಕೊಳ್ಳಿ.

ರಕ್ತ ಮತ್ತು ಸೂಜಿಯ ಭಯಕ್ಕೆ ಮಾತ್ರ ಲೆಕ್ಕ ಬೇರೆ. ಇಲ್ಲಿ ರಕ್ತದೊತ್ತಡ ಮೊದಲು ಏರಿ ಆಮೇಲೆ ಧಡಕ್ಕನೆ ಇಳಿಯುತ್ತದೆ, ನಿಜವಾಗಿಯೂ ಪ್ರಜ್ಞೆ ತಪ್ಪಬಹುದು. ಸಡಿಲವಾಗಿ ಕೂತರೆ ಇನ್ನೂ ಕಷ್ಟ. ಲಾರ್ಸ್-ಯೋರಾನ್ ಓಸ್ಟ್ ರೂಪಿಸಿದ ವಿಧಾನ ಇದು: ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು 10-15 ಸೆಕೆಂಡು, ಮುಖ ಬಿಸಿಯಾಗುವವರೆಗೆ ಬಿಗಿ ಹಿಡಿಯಿರಿ, 20-30 ಸೆಕೆಂಡು ಬಿಡಿ, 5 ಸಲ ಮಾಡಿ. ಸೂಜಿ ಚುಚ್ಚುವ ಕೈಯನ್ನು ಮಾತ್ರ ಸಡಿಲ ಬಿಡಿ.

ಚಿಂತೆಯೇ ಮುಖ್ಯ ತೊಂದರೆ ಆಗಿದ್ದರೆ ದಿನಕ್ಕೆ ಅರ್ಧ ಗಂಟೆ ಚಿಂತೆಗೇ ಇಡಿ. ಒಂದೇ ಹೊತ್ತು, ಒಂದೇ ಕುರ್ಚಿ, ಹಾಸಿಗೆ ಅಲ್ಲ. ಬೇರೆ ಹೊತ್ತಿನಲ್ಲಿ ಬಂದದ್ದನ್ನು ಚೀಟಿಯಲ್ಲಿ ಬರೆದು ಅಲ್ಲಿಗೆ ತಳ್ಳಿ. ಕೇಳೋಕೆ ತಮಾಷೆ ಅನಿಸುತ್ತೆ, ಆದರೆ ಆ ಹೊತ್ತಿಗೆ ಅರ್ಧ ಚೀಟಿಗಳು ಸಪ್ಪೆಯಾಗಿರುತ್ತವೆ.

ಮಾತ್ರೆಗಳ ವಿಷಯ

ಮಾತ್ರೆ ಬೇಕಾ ಬೇಡವಾ ಅನ್ನೋದು ಕಾಯಿಲೆಯ ತೀವ್ರತೆ ಮತ್ತು ನಿಮ್ಮ ಇಷ್ಟದ ಮೇಲೆ ನಿಂತಿದೆ. ತೀವ್ರ ಇದ್ದಾಗ ಮಾತ್ರೆ, ಮಾತಿನ ಚಿಕಿತ್ಸೆ ಎರಡೂ ಜೊತೆಗೆ ನಡೆಯಬಹುದು. ಸಾಮಾನ್ಯವಾಗಿ ಮೊದಲು ಬರೆಯುವುದು ಎಸ್‌ಎಸ್‌ಆರ್‌ಐ ಗುಂಪಿನ ಸರ್ಟ್ರಲಿನ್, ಎಸಿಟಲೊಪ್ರಾಮ್, ಅಥವಾ ಎಸ್‌ಎನ್‌ಆರ್‌ಐ ಗುಂಪಿನ ವೆನ್ಲಫ್ಯಾಕ್ಸಿನ್, ಡುಲೊಕ್ಸೆಟಿನ್. ಇವು ಗಂಟೆಗಳಲ್ಲೇ ನರಕೋಶಗಳ ನಡುವೆ ಸುದ್ದಿ ಒಯ್ಯುವ ಸಿರೊಟೋನಿನ್ ಅನ್ನುವ ರಾಸಾಯನಿಕವನ್ನು ವಾಪಸ್ ಹೀರಿಕೊಳ್ಳುವುದನ್ನು ತಡೆಯುತ್ತವೆ, ಗುಣ ಕಾಣಲು ಮಾತ್ರ ವಾರಗಳು ಬೇಕು. ‘ಸಿರೊಟೋನಿನ್ ಕಡಿಮೆ ಇತ್ತು, ತುಂಬಿದೆವು’ ಅನ್ನುವ ಸರಳ ಕಥೆ ಇಲ್ಲಿಗೆ ಹೊಂದುವುದಿಲ್ಲ.

ಮೊದಲ ಒಂದೆರಡು ವಾರ ಆತಂಕ ಜಾಸ್ತಿ ಆಗಬಹುದು, ಹೊಟ್ಟೆ ತೊಳಸಬಹುದು, ನಿದ್ದೆ ಹಾಳಾಗಬಹುದು. ಅದಕ್ಕೇ ಪ್ಯಾನಿಕ್ ಇದ್ದವರಿಗೆ ಸರ್ಟ್ರಲಿನ್ ಆದರೆ 25 ಮಿಲಿಗ್ರಾಂನಂಥ ಸಣ್ಣ ಡೋಸಿನಿಂದ ಶುರು ಮಾಡುತ್ತಾರೆ. ಇದು ಗೊತ್ತಿಲ್ಲದವರು ಮೊದಲ ವಾರದಲ್ಲೇ ‘ಮಾತ್ರೆ ನಂಗೆ ಆಗಲ್ಲ’ ಅಂತ ಬಿಟ್ಟುಬಿಡುತ್ತಾರೆ. ಲೈಂಗಿಕ ಆಸೆ ಕಡಿಮೆಯಾಗುವುದು ಸಾಮಾನ್ಯ ಅಡ್ಡಪರಿಣಾಮ. ನಾಚಿಕೊಳ್ಳದೆ ಹೇಳಿ, ಡಾಕ್ಟರು ಬದಲಿಸಬಹುದು. 25ರೊಳಗಿನವರಲ್ಲಿ ಶುರುವಿನ ದಿನಗಳಲ್ಲಿ ಸಾವಿನ ಯೋಚನೆಗಳು ಹೆಚ್ಚಾಗುತ್ತಿವೆಯಾ ಅಂತ ಮನೆಯವರು ಗಮನ ಇಡಬೇಕು. ಗುಣವಾದ ಮೇಲೂ ಸಾಮಾನ್ಯವಾಗಿ 6ರಿಂದ 12 ತಿಂಗಳು ಮುಂದುವರಿಸಿ, ಆಮೇಲೆ ನಿಧಾನವಾಗಿ ಇಳಿಸುತ್ತಾರೆ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ತಲೆಯಲ್ಲಿ ಶಾಕ್ ಹೊಡೆದ ಹಾಗೆ ಅನಿಸುವುದು, ಸಿಡುಕು ಬರಬಹುದು.

ಆಲ್‌ಪ್ರಜೋಲಮ್, ಕ್ಲೊನಾಜೆಪಾಮ್, ಲೊರಾಜೆಪಾಮ್ ಬೇರೆ ಜಾತಿ. ಮೆದುಳನ್ನು ತಣ್ಣಗಾಗಿಸುವ ಗಾಬಾ ಅನ್ನುವ ರಾಸಾಯನಿಕದ ಕೆಲಸವನ್ನು ಇವು ಹೆಚ್ಚಿಸುತ್ತವೆ. ಅರ್ಧ ಗಂಟೆ, ಒಂದು ಗಂಟೆಯಲ್ಲೇ ಆರಾಮ ಸಿಗುತ್ತದೆ, ಅದೇ ಅದರ ತೊಂದರೆ. ದಿನವೂ ತೆಗೆದುಕೊಂಡರೆ ಮೈ ಒಗ್ಗಿಹೋಗುತ್ತದೆ, ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಮದ್ಯದ ಜೊತೆ ಜೀವಕ್ಕೇ ಅಪಾಯ. ಅಭ್ಯಾಸಕ್ಕೆ ಮುಂಚೆ ಒಂದು ನುಂಗಿ ಬಂದವರಿಗೆ ಲಿಫ್ಟಿನಲ್ಲಿ ಭಯವೂ ಆಗಲ್ಲ, ಕಲಿಯುವುದೂ ಆಗಲ್ಲ. ಈಗಾಗಲೇ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿದ್ದರೆ ಇದನ್ನು ಓದಿ ನಾಳೆಯೇ ನಿಲ್ಲಿಸಬೇಡಿ, ಇಳಿಸುವ ಲೆಕ್ಕವನ್ನು ಡಾಕ್ಟರ ಹತ್ತಿರ ಹಾಕಿಸಿಕೊಳ್ಳಿ. ವೇದಿಕೆಯ ಭಯಕ್ಕೆ ಕೊಡುವ ಪ್ರೊಪ್ರನೊಲಾಲ್ ನಡುಕ, ಎದೆ ಹೊಡೆತ ತಗ್ಗಿಸುತ್ತದೆ. ಅಸ್ತಮಾ ಇದ್ದವರಿಗೆ ಅದು ಸಲ್ಲ.

ಯಾರ ಹತ್ತಿರ ಹೋಗಬೇಕು, ಮನೆಯವರು ಏನು ಮಾಡಬೇಕು

ಕೌನ್ಸೆಲಿಂಗ್ ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಒಳಗೆ ಭಯವನ್ನು ಎದುರಿಸುವ ಈ ಅಭ್ಯಾಸ (ಇದಕ್ಕೇ ಎಕ್ಸ್‌ಪೋಶರ್ ಅನ್ನುವುದು) ಇರುತ್ತದೆ ಅಂತೇನಿಲ್ಲ. ಫೋನಿನಲ್ಲೇ ಕೇಳಿ: ‘ಆತಂಕಕ್ಕೆ ಎಕ್ಸ್‌ಪೋಶರ್ ಮಾಡಿಸ್ತೀರಾ? ಎಷ್ಟು ವಾರ ಅಂತ ಅಂದಾಜು? ನಡುವೆ ಮನೆಯಲ್ಲಿ ಮಾಡೋಕೆ ಏನು ಕೊಡ್ತೀರಿ?’ ಸಾಮಾನ್ಯವಾಗಿ ವಾರಕ್ಕೊಂದರಂತೆ 12ರ ಆಸುಪಾಸು ಭೇಟಿಗಳು ಬೇಕಾಗುತ್ತವೆ. ‘ಪಾಸಿಟಿವ್ ಆಗಿ ಯೋಚನೆ ಮಾಡಿ’ ಅಂತಷ್ಟೇ ಹೇಳಿ ಕಳಿಸುವವರಾದರೆ ಬೇರೆಯವರನ್ನು ಹುಡುಕಿ.

ಮನೆಯವರಿಗೆ ನನ್ನ ಕೋರಿಕೆ ಒಂದೇ. ಪ್ರೀತಿಯಿಂದಲೇ ನೀವು ಭಯದ ಪರವಾಗಿ ದುಡಿಯುತ್ತಿರಬಹುದು. ಎಲ್ಲ ಕಡೆ ಜೊತೆಗೆ ಹೋಗುವುದು, ಅವರ ಫೋನಿಗೆ ನೀವೇ ಉತ್ತರಿಸುವುದು, ದಿನಕ್ಕೆ ಇಪ್ಪತ್ತು ಸಲ ‘ಏನೂ ಆಗಲ್ಲ’ ಅನ್ನುವುದು. ಒಂದೇ ದಿನದಲ್ಲಿ ಎಲ್ಲ ನಿಲ್ಲಿಸಬೇಡಿ, ಅದು ಶಿಕ್ಷೆ ಆಗುತ್ತದೆ. ಇಬ್ಬರೂ ಕೂತು ಮಾತಾಡಿ ಒಂದೊಂದಾಗಿ ಬಿಡಿ. ಈ ವಾರ ಅಂಗಡಿಯವರೆಗೆ ಜೊತೆಗೆ ಬಂದು ಹೊರಗೆ ನಿಲ್ಲಿ, ಮುಂದಿನ ವಾರ ಅರ್ಧ ದಾರಿಯಲ್ಲಿ ನಿಲ್ಲಿ. ‘ಏನೂ ಆಗಲ್ಲ ಅಲ್ವಾ?’ ಅಂತ ಮತ್ತೆ ಕೇಳಿದರೆ, ‘ಏನಾಗುತ್ತೆ ಅಂತ ಬರ್ಕೊಂಡಿದ್ದೀಯಾ? ಬಾ, ಹೋಗಿ ನೋಡೋಣ’ ಅನ್ನಿ.